ಅಪ್ಪನ ಯೆಜ್ಡಿ ಮತ್ತೆ ಓಡಿತು

ಧರ್ಮಸ್ಥಳಕ್ಕೆ ಹೋಗಿಬಂದವರು ಅಲ್ಲಿಯ ಹಳೆಯ ಕಾರುಗಳ ಸಂಗ್ರಹವನ್ನು ನೋಡಿರಬಹುದು. ಅಂಥ ಕಾರು ನಮ್ಮ ವಲಾಂಡಿಯ ಮನೆಗಳಿಗೆ ಎಲ್ಲಿಂದ ಬರಬೇಕು? ಆದರೆ ದನದ ಕೊಟ್ಟಿಗೆಯಲ್ಲಿ ಜಂಗು ಹಿಡಿದು ನಿಂತ ಒಂದು ಹಳೆಯ ಮೋಟರ್ ಸೈಕಲ್ಲು ಇದ್ದೀತು. ನಮ್ಮ ಮನೆಯಲ್ಲಿ ಅಪ್ಪನ ಯೆಜ್ಡಿ ಇತ್ತು. ಅವರು ತೀರಿಕೊಂಡ ಮೇಲೆ ಹದಿನೈದು ವರ್ಷ ಅದು ಕದಲಲಿಲ್ಲ. ಭಂಗಾರದವನು ತಕ್ಕಡಿ ತಂದ ದಿನ ಅವ್ವ, “ಅದನ್ನ ತೂಕಕ್ಕ ಹಾಕಬ್ಯಾಡಪಾ” ಎಂದಳು. ಅಂದೇ ಅದನ್ನು ಸರಿಪಡಿಸುವ ಸಂಕಲ್ಪ ಮಾಡಿದೆ.

ಈ ಗಾಡಿ ಕನ್ನಡ ನಾಡಿನಲ್ಲೇ ಹುಟ್ಟಿದ್ದು. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಕೆಲಸ ಆರಂಭಿಸಿತು. 1970ರ ದಶಕದಲ್ಲಿ ಅದರ ಗಾಡಿಗಳಿಗೆ ‘ಯೆಜ್ಡಿ’ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಸಿಲಿಂಡರು ಒಂದೇ, ಹೊಗೆಕೊಳವೆ ಎರಡು. ಕಿಕ್ಕೂ ಗೇರೂ ಒಂದೇ ಲಿವರಿನಲ್ಲಿ. ಇದೇ ಅದರ ವೈಶಿಷ್ಟ್ಯ.

ನಾನು ಮೊದಲ ದಿನವೇ ಒಂದು ತಪ್ಪು ಮಾಡಿದೆ. ಉತ್ಸಾಹದಿಂದ ಕಿಕ್ ಹೊಡೆದೆ. ಜಂಗಿನಿಂದ ಅಂಟಿದ್ದ ಪಿಸ್ಟನ್ನು ಜಗ್ಗಿ ರಿಂಗು ಮುರಿಯಿತು. ಉದಗೀರದ ಮಿಸ್ತ್ರಿ ನಕ್ಕು, “ಗುರುಜಿ, ಹದಿನೈದು ವರ್ಷ ನಿಂತ ಗಾಡಿಗೆ ಎರಡು ದಿನ ತಡಕೊಳ್ಳಾಕ ಆಗಲಿಲ್ಲೇನ್ರಿ?” ಎಂದರು. ಮೊದಲು ಪ್ಲಗ್ಗು ಬಿಚ್ಚಿ, ಸಿಲಿಂಡರಿನೊಳಗೆ ಸ್ವಲ್ಪ ಎಣ್ಣೆ ಬಿಟ್ಟು, ಎರಡು ದಿನ ಕಾದು, ಆಮೇಲೆ ಕೈಯಿಂದ ಮೆಲ್ಲಗೆ ತಿರುಗಿಸಬೇಕಿತ್ತು.

ಮುಂದಿನ ಕೆಲಸ ಕ್ರಮವಾಗಿ ನಡೆಯಿತು. ಬಿಚ್ಚಿದ ಪ್ರತಿಯೊಂದು ಭಾಗಕ್ಕೂ ಚೀಟಿ ಕಟ್ಟಿ ಡಬ್ಬಿಯಲ್ಲಿಟ್ಟೆ. ಟಾಕಿಯೊಳಗಿನ ಜಂಗನ್ನು ಸಣ್ಣ ಹರಳು ಹಾಕಿ ಕುಲುಕಿ ತೆಗೆದು, ತೊಳೆದು ಬಿಸಿಲಿಗೆ ಒಣಗಿಸಿದೆ. ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ಗಾಳಿ ಊದಿ ತೆರೆದೆವು. ತಂತಿ ತೂರಿಸಿದರೆ ರಂಧ್ರ ದೊಡ್ಡದಾಗಿ ಪೆಟ್ರೋಲಿನ ಲೆಕ್ಕ ಕೆಡುತ್ತದೆ. ಎಂಜಿನ್ನು ಓಡುವ ಮೊದಲೇ ಬ್ರೇಕು, ಟೈರು, ಕೇಬಲ್ಲು ಹೊಸವಾದವು. ಓಡುವುದಕ್ಕಿಂತ ನಿಲ್ಲುವುದು ಮೊದಲು ಬರಬೇಕು.

ಇದು ಟೂ-ಸ್ಟ್ರೋಕ್ ಎಂಜಿನ್ನು. ಪಿಸ್ಟನ್ನಿಗೆ ಜಿಡ್ಡು ಸಿಗುವುದು ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆಯಿಂದ ಮಾತ್ರ. ಆದ್ದರಿಂದ ಲೀಟರಿಗೆ ಸುಮಾರು 40 ಮಿ.ಲೀ. ಎಣ್ಣೆ ಬೆರೆಸಬೇಕು. ಮರೆತರೆ ಪಿಸ್ಟನ್ನು ಕಾದು ಹಿಡಿದುಕೊಳ್ಳುತ್ತದೆ.

ಪಾಲಕರಿಗೆ ಒಂದು ಮಾತು. ಪೆಟ್ರೋಲಿನ ಕೆಲಸ ಒಲೆ, ದೀಪಗಳಿಂದ ದೂರ, ದೊಡ್ಡವರ ಕಣ್ಣೆದುರಿಗೇ ಆಗಬೇಕು. ಮುಚ್ಚಿದ ಕೋಣೆಯಲ್ಲಿ ಎಂಜಿನ್ನು ಓಡಿಸಿದರೆ ಅದರ ಹೊಗೆ ಪ್ರಾಣಕ್ಕೇ ಎರವಾದೀತು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ತಪಾಸಣೆ ಮಾಡಿಸಿ ನವೀಕರಿಸದೆ ರಸ್ತೆಗೆ ಇಳಿಸಬಾರದು.

ಬಣ್ಣದ ಮಾತು ಬಂದಾಗ ನಾನು ಟಾಕಿಯನ್ನು ಮುಟ್ಟಲಿಲ್ಲ. ಅಪ್ಪನ ಮೊಣಕಾಲು ತಾಗಿ ತಾಗಿ ಅಲ್ಲಿ ಬಣ್ಣ ಸವೆದಿದೆ. ಓಲೆಗರಿಯ ಗ್ರಂಥವನ್ನು ಶೋಧಿಸುವ ವಿದ್ವಾಂಸರು ಅಳಿದ ಅಕ್ಷರಗಳ ಜಾಗದಲ್ಲಿ ತಮ್ಮ ಮನಸ್ಸಿಗೆ ಬಂದದ್ದನ್ನು ಬರೆಯುವುದಿಲ್ಲ; ಇದೂ ಹಾಗೆಯೇ.

ಕಾಗದಪತ್ರಗಳೆಲ್ಲ ಸರಿಯಾದ ದಿನ ಅವ್ವನನ್ನು ಹಿಂದೆ ಕೂಡಿಸಿಕೊಂಡು ಹೊಲದವರೆಗೆ ಹೋದೆ. ಇಳಿದ ಮೇಲೆ ಅವ್ವ, “ಸಪ್ಪಳ ಅದೇ ಐತಿ” ಎಂದಷ್ಟೇ ಹೇಳಿದಳು. ಮಕ್ಕಳೇ, ನಿಮ್ಮ ಮನೆಯ ಮೂಲೆಯಲ್ಲಿ ಮಶೀನೋ ರೇಡಿಯೋ ಬಿದ್ದಿದ್ದರೆ ಎಸೆಯುವ ಮುನ್ನ ಒಮ್ಮೆ ಧೂಳು ಒರೆಸಿ ನೋಡಿರಿ.