ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲವೇ?

ಯಂತ್ರವನ್ನು ಬಳಸುವವರೆಲ್ಲರೂ ಅದರ ಮರ್ಮವನ್ನು ಅರಿತಿರಬೇಕೆಂದು ಯಾರೂ ಹೇಳುವುದಿಲ್ಲ. ಅಡಿಕೆ ತೋಟಕ್ಕೆ ನೀರು ಹಾಯಿಸುವ ಕೃಷಿಕನಿಗೆ ಪಂಪಿನೊಳಗಿನ ತಂತಿಸುರುಳಿಯ ಲೆಕ್ಕ ಬೇಕಾಗಿಲ್ಲ. ಸ್ವಿಚ್ಚು ಒತ್ತಿದಾಗ ನೀರು ಬಂದರಾಯಿತು. ಆದರೆ ನೀರು ಬಾರದ ದಿನ ಕರೆಂಟು ಇಲ್ಲವೋ, ಫ್ಯೂಸು ಹೋಗಿದೆಯೋ, ಕೆರೆಯೇ ಬತ್ತಿದೆಯೋ ಎಂದು ನೋಡುವಷ್ಟು ತಿಳಿವಳಿಕೆ ಅವನಿಗಿದೆ. ‘ಈ ಪಂಪು ನಿಮ್ಮ ತೋಟಕ್ಕೆ ನೀರು ಕೊಡುವ ಜಾತಿಯದಲ್ಲ’ ಎಂದು ಯಾರಾದರೂ ಹೇಳಿದರೆ ಅವನು ನಕ್ಕುಬಿಟ್ಟಾನು. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ನಾವು ಇಂತಹ ಮಾತನ್ನು ನಂಬಿ, ಸುಮ್ಮನೆ ತಲೆಯಾಡಿಸಿ ಮನೆಗೆ ಮರಳುತ್ತೇವೆ.

ಇಂದು ರೇಶನ್ ಕಾರ್ಡಿನಿಂದ ಹಿಡಿದು ಭೂತೆರಿಗೆಯವರೆಗೆ, ಜನನ ಪ್ರಮಾಣಪತ್ರದಿಂದ ಹಿಡಿದು ವಿದ್ಯಾರ್ಥಿವೇತನದವರೆಗೆ ಯಾವ ಕೆಲಸವೂ ಕಂಪ್ಯೂಟರಿನ ಹೊರತು ನಡೆಯುವುದಿಲ್ಲ. ಅಕ್ಷಯ ಕೇಂದ್ರದ ಮುಂದೆ ಸರದಿ ನಿಲ್ಲದವರು ನಮ್ಮಲ್ಲಿ ವಿರಳ. ಮೊಬೈಲ್ ಫೋನ್ ಎಂಬುದೂ ಅಂಗೈಯಗಲದ ಕಂಪ್ಯೂಟರೇ. ಹೀಗೆ ಎಲ್ಲರೂ ಬಳಕೆದಾರರಾಗಿದ್ದೇವೆ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂಬುದು ಗೊತ್ತು. ಒಳಗೆ ಏನು ನಡೆಯುತ್ತದೆಂಬುದು ಗೊತ್ತಿಲ್ಲ. ಈ ಅರೆ ತಿಳಿವಳಿಕೆಯಿಂದ ಎಲ್ಲರಿಗೂ ಅಷ್ಟಿಷ್ಟು ತೊಂದರೆಯಿದೆ. ಆದರೆ ಗಡಿಯ ಈಚೆಗಿರುವ ಕನ್ನಡಿಗರಿಗೆ ಅದರಿಂದಾಗುವ ನಷ್ಟ ಬೇರೆಯೇ ಬಗೆಯದು.

‘ಕಂಪ್ಯೂಟರ್ ಕನ್ನಡವನ್ನು ತೆಗೆದುಕೊಳ್ಳುವುದಿಲ್ಲ, ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಬರೆದುಕೊಡಿ’ ಎಂಬ ಮಾತನ್ನು ಈ ಪ್ರದೇಶದಲ್ಲಿ ಕೇಳದವರು ಯಾರು? ಹೇಳುವವರಲ್ಲಿ ಬಹುಮಂದಿಗೆ ನಮ್ಮ ಭಾಷೆಯ ಮೇಲೆ ದ್ವೇಷವೇನಿಲ್ಲ. ಕನ್ನಡದ ಕಡತವೊಂದನ್ನು ತೆರೆದಾಗ ಪರದೆಯ ಮೇಲೆ ಅಡ್ಡಾದಿಡ್ಡಿ ಚಿಹ್ನೆಗಳು ಕಂಡದ್ದರಿಂದ ಅವರೂ ಹಾಗೆಂದೇ ತಿಳಿದಿದ್ದಾರೆ. ಹೇಳುವವರಿಗೂ ಗೊತ್ತಿಲ್ಲ, ಕೇಳುವವರಿಗೂ ಗೊತ್ತಿಲ್ಲ. ನಡುವೆ ಕನ್ನಡದ ಅರ್ಜಿ ಮಾತ್ರ ಮೇಜಿನಿಂದ ಹಿಂದಕ್ಕೆ ಬರುತ್ತದೆ.

ಯಂತ್ರಕ್ಕೆ ಗೊತ್ತಿರುವುದು ಅಂಕೆ ಮಾತ್ರ

ಮೊದಲು ತಿಳಿಯಬೇಕಾದ ಸಂಗತಿ ಇದು: ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ ಎಂಬುದು ನಿಜ, ಆದರೆ ಅದಕ್ಕೆ ಮಲಯಾಳವೂ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ. ಅದಕ್ಕೆ ಗೊತ್ತಿರುವುದು ಅಂಕೆಗಳು ಮಾತ್ರ. ಪ್ರತಿಯೊಂದು ಅಕ್ಷರಕ್ಕೂ ಮನುಷ್ಯರು ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿದ್ದಾರೆ. ನಾವು ಕೀಲಿ ಒತ್ತಿದಾಗ ಆ ಸಂಖ್ಯೆ ದಾಖಲಾಗುತ್ತದೆ. ತೋರಿಸುವಾಗ ಆ ಸಂಖ್ಯೆಗೆ ತಕ್ಕ ಚಿತ್ರವನ್ನು ಯಂತ್ರ ಪರದೆಯ ಮೇಲೆ ಬಿಡಿಸುತ್ತದೆ. ಆ ಚಿತ್ರಗಳ ಕಟ್ಟಿಗೆ ಫಾಂಟ್ ಎಂದು ಹೆಸರು.

ಅಮೆರಿಕದಲ್ಲಿ 1963ರಲ್ಲಿ ಆಸ್ಕಿ ಎಂಬ ಸಂಖ್ಯಾಪಟ್ಟಿ ಹೊರಬಂತು. ಅದರಲ್ಲಿದ್ದ ಸ್ಥಾನಗಳು 128. ಇಂಗ್ಲಿಷಿನ ದೊಡ್ಡ ‘ಎ’ಗೆ ಅದರಲ್ಲಿ 65. ಬೇರೆ ಲಿಪಿಗಳಿಗೆ ಅಲ್ಲಿ ಎಡೆಯೇ ಇರಲಿಲ್ಲ. ಮುಂದೆ 1991ರಲ್ಲಿ ಯುನಿಕೋಡ್ ಎಂಬ ಪಟ್ಟಿ ಪ್ರಕಟವಾಯಿತು. ಜಗತ್ತಿನ ಲಿಪಿಗಳೆಲ್ಲವನ್ನೂ ಒಂದೇ ಪಟ್ಟಿಯಲ್ಲಿ ತರುವುದು ಅದರ ಉದ್ದೇಶ. ಅದರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು ಎಂಬುದನ್ನು ಓದುಗರು ಗಮನಿಸಬೇಕು. ‘ಅ’ ಅಕ್ಷರಕ್ಕೆ 3205, ‘ಕ’ ಅಕ್ಷರಕ್ಕೆ 3221. ಮಲಯಾಳದ ‘ಕ’ಕ್ಕೆ 3349. ಎರಡಕ್ಕೂ ಇರುವ ಅಂತರ ಸರಿಯಾಗಿ 128. ಇದು ಆಕಸ್ಮಿಕವಲ್ಲ. ಭಾರತದಲ್ಲಿ ಮೊದಲೇ ರೂಪಿಸಿದ್ದ ಇಸ್ಕಿ ಎಂಬ ಪಟ್ಟಿಯ ಕ್ರಮವನ್ನೇ ಯುನಿಕೋಡ್ ನಮ್ಮ ಲಿಪಿಗಳಿಗೆ ಅನುಸರಿಸಿತು. ಪ್ರತಿ ಲಿಪಿಗೂ 128 ಸ್ಥಾನಗಳ ಒಂದೊಂದು ಕೋಣೆ; ಒಂದೇ ಧ್ವನಿಗೆ ಎಲ್ಲ ಕೋಣೆಗಳಲ್ಲೂ ಒಂದೇ ಜಾಗ. ಎಂದ ಮೇಲೆ, ಯುನಿಕೋಡಿನಲ್ಲಿ ಮಲಯಾಳವನ್ನು ಇಟ್ಟುಕೊಳ್ಳಬಲ್ಲ ಯಂತ್ರ ಕನ್ನಡವನ್ನೂ ಇಟ್ಟುಕೊಳ್ಳಬಲ್ಲುದು. ಒಂದಕ್ಕೆ ಬಾಗಿಲು ತೆರೆದು ಇನ್ನೊಂದಕ್ಕೆ ಮುಚ್ಚುವ ಗುಣ ಯಂತ್ರದಲ್ಲಿಲ್ಲ.

ಒತ್ತಕ್ಷರಗಳ ವ್ಯವಸ್ಥೆಯೂ ಇದೇ ತೆರನಾದದ್ದು. ‘ಕ್ಷ’ ಎಂದು ಬರೆದರೆ ಯಂತ್ರದೊಳಗೆ ಇರುವುದು 3221, 3277, 3255 ಎಂಬ ಮೂರು ಸಂಖ್ಯೆಗಳು: ‘ಕ’, ಅದರ ಸ್ವರವನ್ನು ಕಳೆಯುವ ಚಿಹ್ನೆ, ಮತ್ತು ‘ಷ’. ವ್ಯಾಕರಣದ ತರಗತಿಯಲ್ಲಿ ನಾವು ಸಂಯುಕ್ತಾಕ್ಷರವನ್ನು ಬಿಡಿಸುವ ಕ್ರಮವೂ ಇದೇ ಅಲ್ಲವೇ? ಟೈಪು ಮಾಡಿದ ‘ಕ್ಷ’ವನ್ನು ಅಳಿಸಹೊರಟಾಗ ಅದು ಒಂದೇ ಏಟಿಗೆ ಹೋಗದೆ ತುಂಡು ತುಂಡಾಗಿ ಹೋಗುವುದನ್ನು ಕಂಡು, ಯಂತ್ರ ಕೆಟ್ಟಿದೆ ಎನ್ನುವ ಮಕ್ಕಳುಂಟು. ಯಂತ್ರ ಕೆಟ್ಟಿಲ್ಲ, ವ್ಯಾಕರಣವನ್ನು ಪಾಲಿಸುತ್ತಿದೆ ಎಂದರೆ ಅವರಿಗೆ ಕೂಡಲೇ ಅರ್ಥವಾಗುತ್ತದೆ.

ಮೊಳೆಪೆಟ್ಟಿಗೆಯ ಉದಾಹರಣೆ

ಹಾಗಾದರೆ ಕನ್ನಡದ ಕಡತ ಬೇರೆ ಕಡೆ ತೆರೆದಾಗ ಕೆಡುವುದೇಕೆ? ಹಳೆಯ ಮುದ್ರಣಾಲಯವನ್ನು ನೆನಪಿಗೆ ತಂದುಕೊಂಡರೆ ಉತ್ತರ ಸುಲಭ. ಅಕ್ಷರ ಜೋಡಿಸುವವರ ಎದುರು ಖಾನೆಗಳಿರುವ ಪೆಟ್ಟಿಗೆ. ಪ್ರತಿ ಖಾನೆಯಲ್ಲಿ ಒಂದೊಂದು ಅಚ್ಚುಮೊಳೆ. ಒಂದು ಮುದ್ರಣಾಲಯದಲ್ಲಿ ಇಂಗ್ಲಿಷ್ ಪೆಟ್ಟಿಗೆ ಮಾತ್ರ ಇದೆಯೆಂದೂ, ಅದರ ಖಾನೆಗಳಿಂದ ಇಂಗ್ಲಿಷ್ ಮೊಳೆಗಳನ್ನು ತೆಗೆದು ಕನ್ನಡ ಮೊಳೆಗಳನ್ನು ತುಂಬಿದ್ದಾರೆಂದೂ ಇಟ್ಟುಕೊಳ್ಳಿ. ಅಲ್ಲಿ ಕನ್ನಡ ಪುಟ ಚೆನ್ನಾಗಿಯೇ ಮುದ್ರಣವಾದೀತು. ಆದರೆ ಪುಟದ ಬದಲು ಖಾನೆಗಳ ಸಂಖ್ಯೆಯನ್ನಷ್ಟೇ ಬರೆದು ಇನ್ನೊಂದು ಮುದ್ರಣಾಲಯಕ್ಕೆ ಕಳುಹಿಸಿದರೆ? ಅಲ್ಲಿನವರು ಆಯಾ ಖಾನೆಯಲ್ಲಿರುವ ಇಂಗ್ಲಿಷ್ ಮೊಳೆಗಳನ್ನೇ ಜೋಡಿಸುತ್ತಾರೆ. ಓದಲಾಗದ ಕಲಸುಮೇಲೋಗರ ಸಿದ್ಧವಾಗುತ್ತದೆ.

ನುಡಿ, ಶ್ರೀಲಿಪಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ನಡೆದದ್ದು ಇದೇ. ಆಗಿನ ಫಾಂಟಿನಲ್ಲಿ ಸಿಗುತ್ತಿದ್ದುದು ಹೆಚ್ಚೆಂದರೆ 256 ಖಾನೆ. ಕಾಗುಣಿತವೆಲ್ಲವೂ ಅದರಲ್ಲಿ ಹಿಡಿಯದು. ಆದ್ದರಿಂದ ಅಕ್ಷರಗಳನ್ನು ಕತ್ತರಿಸಿ, ಕೊಂಬು ಒಂದು ಖಾನೆಯಲ್ಲಿ, ಒತ್ತು ಇನ್ನೊಂದು ಖಾನೆಯಲ್ಲಿ ಎಂದು ತುಂಬಿದರು. ಪರದೆಯ ಮೇಲೆ ಕಾಣುವುದು ಕನ್ನಡ. ಒಳಗೆ ದಾಖಲಾಗುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆ.

ಇದನ್ನು ಮಾಡಿದವರನ್ನು ಹಳಿಯುವುದು ಕೃತಘ್ನತೆಯಾದೀತು. ಯಂತ್ರಗಳು ಭಾರತೀಯ ಲಿಪಿಗಳಿಗೆ ಸಿದ್ಧವಾಗಿರದ ದಿನಗಳಲ್ಲಿ ಕನ್ನಡದ ಕೆಲಸ ನಿಲ್ಲದಂತೆ ನೋಡಿಕೊಂಡವರು ಅವರೇ. ನಮ್ಮ ನೆರೆಯ ಮಂಗಳೂರು ಕಡೆಯವರಾದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಇಂದಿಗೂ ನುಡಿಗೆ ಆಧಾರ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂದು ಮನೆಮನೆಯ ಕಂಪ್ಯೂಟರಿನಲ್ಲಿ ಕನ್ನಡವನ್ನು ಮೂಡಿಸಿತು. ಆದರೆ 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲೇ ‘ತುಂಗಾ’ ಎಂಬ ಯುನಿಕೋಡ್ ಕನ್ನಡ ಫಾಂಟ್ ಸೇರಿತ್ತು. ಹೊಳೆಗೆ ಸೇತುವೆಯಾದ ಮೇಲೂ ದೋಣಿಗಾಗಿ ಕಾಯುವವರಂತೆ, ನಾವು ಇಂದಿಗೂ ಎಷ್ಟೋ ಕಡೆ ಹಳೆಯ ಫಾಂಟಿನಲ್ಲೇ ಮುಂದುವರಿದಿದ್ದೇವೆ. ಮಲಯಾಳದಲ್ಲೂ ಇಂತಹ ಹಳೆಯ ಫಾಂಟುಗಳಿದ್ದವು; ಇದು ಕನ್ನಡವೊಂದರ ಪಾಡಲ್ಲ.

ರೋಗ ನಾಲ್ಕು, ಲಕ್ಷಣ ನಾಲ್ಕು

ವೈದ್ಯರು ಎಲ್ಲ ಜ್ವರಕ್ಕೂ ಒಂದೇ ಮದ್ದು ಕೊಡುವುದಿಲ್ಲ. ಕನ್ನಡ ಸರಿಯಾಗಿ ಕಾಣದಾಗ ನಾವೂ ಲಕ್ಷಣವನ್ನು ನೋಡಬೇಕು.

ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಬೆರೆತು ಕಂಡರೆ, ಆ ಕಡತ ಹಳೆಯ ಫಾಂಟಿನದು. ಅದೇ ಫಾಂಟನ್ನು ಆ ಯಂತ್ರಕ್ಕೆ ಹಾಕಿದರೆ ಓದಬಹುದು; ಯುನಿಕೋಡಿಗೆ ಪರಿವರ್ತಿಸುವುದು ಇನ್ನೂ ಉತ್ತಮ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು, ಅಂಕೆ ಇತ್ಯಾದಿಗಳನ್ನು ಒಮ್ಮೆ ಕಣ್ಣಿಟ್ಟು ತಿದ್ದಬೇಕು.

ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಂಡರೆ, ಸಾಮಾನ್ಯವಾಗಿ ಕಡತ ಸರಿಯಾಗಿಯೇ ಇರುತ್ತದೆ. ಆ ಯಂತ್ರದಲ್ಲಿ ಕನ್ನಡದ ಚಿತ್ರಗಳಿಲ್ಲ, ಅಷ್ಟೇ. ಲೋಹಿತ್ ಕನ್ನಡ, ನೋಟೋ ಸಾನ್ಸ್ ಕನ್ನಡ ಮುಂತಾದ ಫಾಂಟುಗಳಿಗೆ ಕಾಸು ಕೊಡಬೇಕಾಗಿಲ್ಲ. ಕೆಲವು ನಿಮಿಷಗಳ ಕೆಲಸ.

ಅಕ್ಷರಗಳು ಕಂಡರೂ ಒತ್ತುಗಳು ಕೆಳಗಿಳಿಯದೆ ಪಕ್ಕದಲ್ಲಿ ಬಿದ್ದುಕೊಂಡಿದ್ದರೆ, ದೋಷ ತಂತ್ರಾಂಶದ್ದು. ಪುಟವಿನ್ಯಾಸದ ಕೆಲವು ಹಳೆಯ ತಂತ್ರಾಂಶಗಳಿಗೆ ಅಕ್ಷರಗಳನ್ನು ಕೂಡಿಸಿ ಬರೆಯಲು ತಿಳಿಯದು. ಸೆಟ್ಟಿಂಗ್ ಬದಲಿಸಬೇಕು, ಇಲ್ಲವೇ ಹೊಸ ಆವೃತ್ತಿ ಬೇಕು.

ನಾಲ್ಕನೆಯದು ಹೆಚ್ಚು ಗಂಭೀರ. ಸಾಲಿಗೆ ಸಾಲೇ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬದಲಾಗಿದ್ದರೆ, ಸ್ವೀಕರಿಸಿದ ವ್ಯವಸ್ಥೆಯನ್ನು ಕನ್ನಡದ ಸಂಖ್ಯೆಗಳನ್ನು ಹಿಡಿದಿಡುವಂತೆ ಕಟ್ಟಿಯೇ ಇಲ್ಲ ಎಂದರ್ಥ. ಅಲ್ಲಿ ಸಾಮಾನ್ಯವಾಗಿ ಮೂಲ ಅಕ್ಷರಗಳು ಅಳಿದೇಹೋಗಿರುತ್ತವೆ. ಯಾವ ಫಾಂಟಿನಿಂದಲೂ ಮರಳಿ ಬಾರವು. ಇದು ಯಂತ್ರದ ಅಸಾಮರ್ಥ್ಯವಲ್ಲ, ಕಟ್ಟಿದವರ ಅಲಕ್ಷ್ಯ. ದೂರು ಕೊಡಬೇಕಾದದ್ದು ಇಂತಹ ಸಂದರ್ಭದಲ್ಲಿ. ಮೂಲಪ್ರತಿಯನ್ನು ನಮ್ಮಲ್ಲಿ ಉಳಿಸಿಕೊಳ್ಳಬೇಕಾದದ್ದೂ ಇದಕ್ಕಾಗಿಯೇ.

ನಾಲ್ಕು ಲಕ್ಷಣಗಳಲ್ಲಿ ಯಾವುದೂ ‘ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ’ ಎಂಬುದಕ್ಕೆ ಸಾಕ್ಷಿಯಲ್ಲ. ಹಾಗೆ ಹೇಳುವವರ ಕಿಸೆಯಲ್ಲಿರುವ ಫೋನಿಗೆ ವಾಟ್ಸಪ್ಪಿನಲ್ಲಿ ಒಂದು ಸಾಲು ಕನ್ನಡ ಕಳುಹಿಸಿ ನೋಡಿ. ಯಾರ ಅನುಮತಿಯನ್ನೂ ಕೇಳದೆ ಅದು ಅಲ್ಲಿ ಕನ್ನಡವಾಗಿಯೇ ಮೂಡುತ್ತದೆ. ಫೋನಿನಲ್ಲಿ ನಾವು ಟೈಪು ಮಾಡುವ ಕನ್ನಡವೆಲ್ಲ ಯುನಿಕೋಡೇ. ಹೆಸರು ಗೊತ್ತಿಲ್ಲದೆಯೇ ನಾವು ಅದನ್ನು ದಿನವಿಡೀ ಬಳಸುತ್ತಿದ್ದೇವೆ. ಹಾಗೆಯೇ, ಇಂಗ್ಲಿಷಿನ ಎಸ್‌ಎಂಎಸ್ ಒಂದರಲ್ಲಿ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70ಕ್ಕೇ ಮುಗಿಯುವುದೇಕೆಂದು ಕೇಳುವವರಿದ್ದಾರೆ. ಯುನಿಕೋಡಿನಲ್ಲಿ ಕಳುಹಿಸುವಾಗ ಪ್ರತಿ ಅಕ್ಷರಕ್ಕೂ ಹೆಚ್ಚು ಜಾಗ ಬೇಕಾಗುತ್ತದೆ. ಮಲಯಾಳಕ್ಕೂ ಹಿಂದಿಗೂ ಅದೇ 70.

ಹುಡುಕಿದರೆ ಸಿಗದ ಕನ್ನಡ

ಅರ್ಜಿಯ ಮಾತು ಹಾಗಿರಲಿ. ನಮ್ಮ ಕೈಯಾರೆ ನಾವು ಮಾಡಿಕೊಳ್ಳುತ್ತಿರುವ ಇನ್ನೊಂದು ನಷ್ಟವಿದೆ. ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ, ಶಾಲೆಯ ಶತಮಾನೋತ್ಸವಕ್ಕೆ, ಯಕ್ಷಗಾನ ಸಂಘದ ವಾರ್ಷಿಕೋತ್ಸವಕ್ಕೆ ನಾವು ಸ್ಮರಣ ಸಂಚಿಕೆ ಹೊರತರುತ್ತೇವೆ. ಈ ಊರುಗಳ ಚರಿತ್ರೆ, ಹಳೆಯ ಅಧ್ಯಾಪಕರ ನೆನಪು, ತಾಳಮದ್ದಳೆಯ ಅರ್ಥಧಾರಿಗಳ ಪರಿಚಯ, ಇವೆಲ್ಲ ಬೇರೆಲ್ಲೂ ಸಿಗದೆ ಅವುಗಳಲ್ಲೇ ಉಳಿದಿರುತ್ತವೆ. ಅವು ಹಳೆಯ ಫಾಂಟಿನಲ್ಲಿ ಅಚ್ಚಾದರೆ, ಒಳಗಿರುವುದು ಕನ್ನಡವಲ್ಲ, ಇಂಗ್ಲಿಷ್ ಖಾನೆಗಳ ಸಂಖ್ಯೆ. ಅದನ್ನು ಪಿಡಿಎಫ್ ಮಾಡಿ ಅಂತರ್ಜಾಲಕ್ಕೆ ಏರಿಸಿದರೆ ಕಣ್ಣಿಗೆ ಕನ್ನಡವಾಗಿಯೇ ಕಾಣುತ್ತದೆ. ಆದರೆ ನಾಳೆ ಯಾರಾದರೂ ತಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಬರೆದು ಹುಡುಕಿದರೆ ಅದು ಸಿಗದು. ಗ್ರಂಥಾಲಯದಲ್ಲಿ ಪುಸ್ತಕವಿದ್ದು, ಬೆನ್ನಿನ ಮೇಲೆ ತಪ್ಪು ಹೆಸರು ಬರೆದಿಟ್ಟಂತೆ.

ಹಾಜರಿ ಪಟ್ಟಿಯಲ್ಲೂ ಇದೇ ಪಾಡು. ಹಳೆಯ ಫಾಂಟಿನಲ್ಲಿ ಬರೆದ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸೆಂದರೆ ಯಂತ್ರ ಇಂಗ್ಲಿಷ್ ಖಾನೆಗಳ ಕ್ರಮದಲ್ಲಿ ಜೋಡಿಸುತ್ತದೆ. ಅನಂತನ ಮೊದಲು ಯಾರು ಬಂದಾರೋ ಹೇಳಲಾಗದು. ಯುನಿಕೋಡಿನಲ್ಲಿ ಬರೆದಿದ್ದರೆ ವರ್ಣಮಾಲೆಯ ಕ್ರಮ ಬಹುಮಟ್ಟಿಗೆ ತಾನಾಗಿಯೇ ಬರುತ್ತದೆ.

ಮಾಡಬೇಕಾದದ್ದೇನು?

ನಮ್ಮ ಸಂವಿಧಾನದ 350ನೆಯ ವಿಧಿ, ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. 1956ರಲ್ಲಿ ಈ ಪ್ರದೇಶ ಕೇರಳಕ್ಕೆ ಸೇರಿದಂದಿನಿಂದ ಕನ್ನಡಿಗರು ಇಂತಹ ಹಕ್ಕುಗಳಿಗಾಗಿ ದನಿಯೆತ್ತುತ್ತ ಬಂದಿದ್ದಾರೆ. ಆದರೆ ಹಕ್ಕು ಕಾನೂನಿನಲ್ಲಿದ್ದರೆ ಸಾಲದು. ‘ಯಂತ್ರ ಒಪ್ಪುವುದಿಲ್ಲ’ ಎಂಬ ಒಂದೇ ಮಾತಿಗೆ ಅದು ಮೇಜಿನ ಮುಂದೆ ಸೋಲಬಾರದು. ಅಲ್ಲಿ ಜಗಳ ಬೇಡ, ಘೋಷಣೆಯೂ ಬೇಡ. ‘ನಾನು ಯುನಿಕೋಡಿನಲ್ಲೇ ಬರೆದಿದ್ದೇನೆ, ನಿಮ್ಮಲ್ಲಿ ಫಾಂಟ್ ಇಲ್ಲವೋ, ತಂತ್ರಾಂಶದಲ್ಲಿ ತೊಂದರೆಯೋ, ದಯವಿಟ್ಟು ನೋಡಿ’ ಎಂದು ವಿನಯದಿಂದ ಕೇಳಿದರೆ ಸಾಕು. ಉತ್ತರ ಹೇಳುವ ಹೊಣೆ ಅವರದಾಗುತ್ತದೆ.

ಅದಕ್ಕೆ ಮೊದಲು ನಮ್ಮ ಅರ್ಜಿ ಯುನಿಕೋಡಿನಲ್ಲಿರಬೇಕು. ಟೈಪು ಮಾಡಿಸುವಾಗಲೇ ಕೇಳಿಕೊಳ್ಳಬೇಕು. ಸ್ಮರಣ ಸಂಚಿಕೆಯ ಸಮಿತಿಯವರು ಅಚ್ಚಾದ ಪ್ರತಿಗಳ ಜೊತೆಗೆ ಯುನಿಕೋಡ್ ಕಡತವನ್ನೂ ಕೊಡಬೇಕೆಂದು ಮುದ್ರಕರೊಡನೆ ಮೊದಲೇ ಮಾತನಾಡಿಕೊಳ್ಳಬೇಕು. ಹಳೆಯ ಸಂಚಿಕೆಗಳ ಕಡತ ಯಾರ ಬಳಿಯಾದರೂ ಇದ್ದರೆ, ಆ ಯಂತ್ರ ಗುಜರಿಗೆ ಹೋಗುವ ಮುನ್ನ ಪರಿವರ್ತಿಸಿಡಬೇಕು. ಊರಿನ ಗ್ರಂಥಾಲಯವೋ ಯುವಕ ಸಂಘವೋ ಕೈಗೆತ್ತಿಕೊಂಡರೆ ಒಂದು ಬೇಸಗೆ ರಜೆಯಲ್ಲಿ ಮುಗಿಯುವ ಕೆಲಸವಿದು.

ಇದಕ್ಕೆ ಬೇಕಾದ ಕೈಗಳು ನಮ್ಮ ಶಾಲೆಗಳಲ್ಲಿವೆ. ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲೇ ಆರಂಭವಾಯಿತು. ಅದು 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಶಾಲೆಯ ಯಂತ್ರಗಳಲ್ಲಿ ಸ್ವತಂತ್ರ ತಂತ್ರಾಂಶವಿದೆ, ಕನ್ನಡ ಮಾಧ್ಯಮದ ಮಕ್ಕಳಿಗೆ ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಯುನಿಕೋಡಿನಲ್ಲಿ ಟೈಪು ಮಾಡಲು ಕಲಿತ ಎಂಟನೆಯ ತರಗತಿಯ ಹುಡುಗಿ ತನ್ನ ಅಜ್ಜನ ಅರ್ಜಿಯನ್ನು ಬರೆದುಕೊಡಬಲ್ಲಳು. ಹಿರಿಯರು ಸಂಕೋಚಪಡದೆ ಮಕ್ಕಳಲ್ಲಿ ಕೇಳಬೇಕು. ಮಕ್ಕಳು ಗುಂಡಿ ತೋರಿಸಿ ಸುಮ್ಮನಾಗದೆ ಕಾರಣವನ್ನೂ ಹೇಳಬೇಕು.

ಎಲ್ಲರೂ ಇಂಜಿನಿಯರರಾಗಬೇಕಾಗಿಲ್ಲ. ಅಕ್ಷರವೆಂದರೆ ಸಂಖ್ಯೆ, ಫಾಂಟ್ ಎಂದರೆ ಆ ಸಂಖ್ಯೆಯ ಚಿತ್ರ: ಇವೆರಡು ಮಾತುಗಳನ್ನು ತಿಳಿದಿದ್ದರೆ ಇಷ್ಟಕ್ಕೆ ಸಾಕು. ಮೂರೂವರೆ ದಶಕಗಳ ಹಿಂದೆಯೇ ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಜಾಗ ಗೊತ್ತಾಗಿದೆ. ಅಲ್ಲಿ ಹೋಗಿ ಕುಳಿತುಕೊಳ್ಳುವುದು ಮಾತ್ರ ನಮಗೆ ಬಾಕಿಯಿದೆ.