ಆಕಾಶದ ಪೊಟ್ಟಣ ಬಿಚ್ಚಿದ ಹಳೇ ಕಂಪ್ಯೂಟರ್

ಮಕ್ಕಳೇ, ದೊಡ್ಡ ಗದ್ದೆಯ ನಾಟಿ ಒಬ್ಬರಿಂದ ಆಗುವ ಕೆಲಸವಲ್ಲ. ಕಂಪ್ಲಿ ಕಡೆ ಹೋದರೆ ನೋಡಿ, ಇಪ್ಪತ್ತು ಹೆಣ್ಣುಮಕ್ಕಳು ಸಾಲು ಹಿಡಿದು ಇಳಿದರೆ ಸಂಜೆಯೊಳಗೆ ಗದ್ದೆ ಹಸಿರಾಗಿರುತ್ತದೆ. ಕಂಪ್ಯೂಟರ್‌ಗಳಿಂದಲೂ ಹೀಗೆ ಕೆಲಸ ಮಾಡಿಸಬಹುದು. ಅವೆಲ್ಲ ಒಂದೇ ಗದ್ದೆಯಲ್ಲಿ, ಅಂದರೆ ಒಂದೇ ಊರಿನಲ್ಲಿ, ಇರಬೇಕೆಂದೇನೂ ಇಲ್ಲ.

1999ರ ಮೇ 17ರಂದು ಅಮೆರಿಕದ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ‘ಸೆಟಿ ಅಟ್ ಹೋಮ್’ ಎಂಬ ಯೋಜನೆ ಶುರು ಮಾಡಿತು. ಅರೆಸಿಬೊ ಎಂಬಲ್ಲಿದ್ದ 305 ಮೀಟರ್ ಅಗಲದ ರೇಡಿಯೊ ದೂರದರ್ಶಕ ಆಕಾಶದಿಂದ ಬರುವ ಸದ್ದನ್ನೆಲ್ಲ ದಾಖಲಿಸುತ್ತಿತ್ತು. ಅದರಲ್ಲಿ ಬೇರೆ ಲೋಕದವರು ಕಳಿಸಿದ ಸಂಕೇತವೇನಾದರೂ ಇದೆಯೇ ಎಂದು ಹುಡುಕಬೇಕು. ಹಂಪಿ ಉತ್ಸವದ ಗದ್ದಲದಲ್ಲಿ ಅಮ್ಮ ಕೂಗಿದ ದನಿಯನ್ನು ಹುಡುಕಿದ ಹಾಗೆ! ಅಷ್ಟು ಲೆಕ್ಕ ಒಂದು ಯಂತ್ರಕ್ಕೆ ಸಾಲದು. ಹಾಗಾಗಿ ಅದನ್ನು 107 ಸೆಕೆಂಡುಗಳ ಪೊಟ್ಟಣಗಳಾಗಿ ಕಟ್ಟಿ, ಕೇಳಿದವರ ಮನೆಗೆಲ್ಲ ಇಂಟರ್ನೆಟ್ ಮೂಲಕ ಕಳಿಸಿದರು. 50 ಲಕ್ಷಕ್ಕೂ ಹೆಚ್ಚು ಮಂದಿ ಕೈಜೋಡಿಸಿದರು.

ಹೊಸಪೇಟೆಯಲ್ಲಿ ನಾನೂ ಒಬ್ಬ. ನಾನು ಗಣಿತದ ಮೇಷ್ಟ್ರು. 2002ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ‘ಸನ್ ಅಲ್ಟ್ರಾ 5’ ಎಂಬ ಸೆಕೆಂಡ್ ಹ್ಯಾಂಡ್ ಯಂತ್ರ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಇದು ಯುನಿಕ್ಸ್ ವರ್ಕ್‌ಸ್ಟೇಷನ್. ಎಂಜಿನಿಯರುಗಳು, ವಿಜ್ಞಾನಿಗಳು ಬಳಸುತ್ತಿದ್ದ ಗಟ್ಟಿ ಜಾತಿಯದು. ಪುಣೆಯ ಸಿ-ಡ್ಯಾಕ್ 1998ರಲ್ಲಿ ರೂಪಿಸಿದ ‘ಪರಮ್ 10000’ ಸೂಪರ್ ಕಂಪ್ಯೂಟರನ್ನು ಕಟ್ಟಿದ್ದೂ ಸನ್ ಕಂಪನಿಯ ಯಂತ್ರಗಳನ್ನು ಜೋಡಿಸಿಯೇ.

ಪೊಟ್ಟಣ ಇಳಿಸಿಕೊಳ್ಳಲು ಟೆಲಿಫೋನ್ ತಂತಿ ಒಂದೆರಡು ನಿಮಿಷ ಸಿಕ್ಕರೆ ಸಾಕಿತ್ತು. ಆಮೇಲೆ ಯಂತ್ರ ತನ್ನ ಪಾಡಿಗೆ ಲೆಕ್ಕ ಮಾಡುತ್ತಿತ್ತು. ನಡುವೆ ಕರೆಂಟು ಹೋದರೆ? ಹೋಗದ ದಿನ ಯಾವುದಿತ್ತು ಹೇಳಿ! ಪ್ರೋಗ್ರಾಂ ಎಲ್ಲಿಯವರೆಗೆ ಬಂದೆನೆಂದು ಆಗಾಗ ಡಿಸ್ಕಿನಲ್ಲಿ ಬರೆದಿಡುತ್ತಿತ್ತು. ಕರೆಂಟು ಬಂದಾಗ ಅಲ್ಲಿಂದಲೇ ಮುಂದಕ್ಕೆ.

2005ರ ಕೊನೆಗೆ ಆ ಹಳೇ ಪ್ರೋಗ್ರಾಂ ನಿಂತಿತು. 2020ರಲ್ಲಿ ಕೆಲಸ ಹಂಚುವುದೂ ನಿಂತಿತು. ಅದೇ ಡಿಸೆಂಬರ್ 1ರಂದು ಅರೆಸಿಬೊ ದೂರದರ್ಶಕವೇ ಕುಸಿಯಿತು. ಬೇರೆ ಲೋಕದವರ ದನಿ ಸಿಗಲಿಲ್ಲ. ಅಲ್ಟ್ರಾ ಅಟ್ಟ ಸೇರಿತು. “ಗುಜರಿಗೆ ಹಾಕ್ರಿ, ಜಾಗನಾದ್ರೂ ಆಗ್ತದ” ಎಂದು ನಮ್ಮ ಮನೆಯಾಕೆ ವರ್ಷಕ್ಕೆರಡು ಸಲ ಹೇಳುತ್ತಿದ್ದಳು.

ಕಳೆದ ಬೇಸಿಗೆ ರಜೆಯಲ್ಲಿ ಸಂಡೂರಿನಿಂದ ಬಂದ ಮೊಮ್ಮಗಳು ಅದನ್ನು ನೋಡಿ, “ಅಜ್ಜ, ಇದಕ್ಕ ಕೆಲಸ ಕೊಡೋಣ” ಅಂದಳು. ಕೊಟ್ಟೆವು. 10 ಕೋಟಿಯೊಳಗೆ ಅವಿಭಾಜ್ಯ ಸಂಖ್ಯೆಗಳು ಎಷ್ಟು? ಒಂದೊಂದು ಕೋಟಿಯ ಹತ್ತು ಪೊಟ್ಟಣ ಮಾಡಿದೆವು. ಅಲ್ಟ್ರಾ ಹೊಸಪೇಟೆಯಲ್ಲಿ, ಅವಳ ಅಪ್ಪನ ಲ್ಯಾಪ್‌ಟಾಪ್ ಸಂಡೂರಿನಲ್ಲಿ, ನನ್ನ ತಂಗಿಯ ಮೊಮ್ಮಗನದು ಕಂಪ್ಲಿಯಲ್ಲಿ. ಮುಗಿಸಿದವರು ಫೋನು ಮಾಡಿ ಮುಂದಿನ ಪೊಟ್ಟಣ ಕೇಳಬೇಕು. ಅವಳು ನೋಟ್‌ಬುಕ್ಕಿನಲ್ಲಿ ಗುರುತು ಹಾಕಬೇಕು. ಕೊನೆಯ ಪೊಟ್ಟಣಕ್ಕೆ ಲ್ಯಾಪ್‌ಟಾಪಿಗೆ ಅರ್ಧ ನಿಮಿಷ ಸಾಕಾದರೆ, ಅಲ್ಟ್ರಾಗೆ ಏಳು ನಿಮಿಷ. ಕಂಪ್ಲಿಯ ಹುಡುಗ ನಕ್ಕಿದ್ದೇ ನಕ್ಕಿದ್ದು.

ಸೆಟಿಯವರು ಒಂದೇ ಪೊಟ್ಟಣವನ್ನು ಒಬ್ಬರಿಗಿಂತ ಹೆಚ್ಚು ಜನರಿಗೆ ಕೊಟ್ಟು ಉತ್ತರ ತಾಳೆ ನೋಡುತ್ತಿದ್ದರು. ನಾವೂ ಹಾಗೇ ಮಾಡಿದೆವು. ಮೊದಲ ಪೊಟ್ಟಣದಲ್ಲೇ ಜಗಳ! ಅಲ್ಟ್ರಾ 6,64,579 ಎಂದಿತು. ಕಂಪ್ಲಿಯಿಂದ ಬಂದದ್ದು 6,64,580. “ಹಳೇದು, ತಪ್ಪಿರ್ತದ” ಎಂದ ಹುಡುಗ. ಮೊಮ್ಮಗಳು ಬಿಡಲಿಲ್ಲ, ಅವನೇ ಬರೆದ ಪ್ರೋಗ್ರಾಂ ತರಿಸಿ ಸಾಲುಸಾಲಾಗಿ ಓದಿದಳು. ಅವನು 1ನ್ನೂ ಅವಿಭಾಜ್ಯವೆಂದು ಎಣಿಸಿದ್ದ. ಅವಿಭಾಜ್ಯ ಸಂಖ್ಯೆಗೆ ಎರಡು ಭಾಜಕಗಳು ಬೇಕು. 1ಕ್ಕೆ ಇರುವುದು ಒಂದೇ.

ತಿದ್ದಿದ ಮೇಲೆ ಎಲ್ಲವೂ ತಾಳೆಯಾಗಿ ಬಂದ ಒಟ್ಟು 57,61,455.

ಈಗ ಅಲ್ಟ್ರಾವನ್ನು ಭಾನುವಾರ ಮಾತ್ರ ಹಚ್ಚುತ್ತೇವೆ. ದಿನವಿಡೀ ಉರಿಸಿದರೆ ಕರೆಂಟು ದಂಡ, ಈ ಮಾತಿನಲ್ಲಿ ಮನೆಯಾಕೆಯ ವಾದವೇ ಸರಿ. ಮೊನ್ನೆ ಗುಜರಿಯವನು ಬಂದಾಗ ಅವಳು ಒಡೆದ ಬಕೆಟ್ಟು, ಹಳೇ ಫ್ಯಾನು ಕೊಟ್ಟು ಕಳಿಸಿದಳು.