ಸಾಲೂ ನಿಂತಿತು, ಬಂಡಿಯೂ ನಿಂತಿತು

ಬೇಸಗೆಯ ರಜೆ ಬಂದಿತೆಂದರೆ ಮಕ್ಕಳ ಪರೀಕ್ಷೆ ಮುಗಿದು ತಂದೆತಾಯಿಗಳ ಪರೀಕ್ಷೆ ಪ್ರಾರಂಭವಾಯಿತೆಂದೇ ಲೆಕ್ಕ. ಊರಿಗೆ ಹೋಗೋಣವೆಂದರೆ ರೈಲಿನಲ್ಲಿ ಸ್ಥಳವಿಲ್ಲ. ಮುಂಬಯಿಯಲ್ಲೇ ಇರೋಣವೆಂದರೆ ಮನೆಯಲ್ಲಿ ಸ್ಥಳವಿಲ್ಲ. ಈ ಸಲ ನಮ್ಮ ಮಗಳು ಹಟ ಹಿಡಿದಳು. ನಗರದ ಹೊರಗಿನ ವಿಹಾರೋದ್ಯಾನವೊಂದರಲ್ಲಿ ಹೊಸ ರೋಲರ್ ಕೋಸ್ಟರ್ ಬಂದಿದೆಯಂತೆ, ತರಗತಿಯವರೆಲ್ಲ ಹೋಗಿಬಂದರಂತೆ, ಉಳಿದವರು ನಾವು ಮಾತ್ರವಂತೆ! ಸರಿ, ಒಂದು ಭಾನುವಾರ ಸಂಸಾರಸಮೇತರಾಗಿ ಹೊರಟೆವು.

ಕಟ್ಟಿಕೊಂಡು ಹೋದ ಚಿತ್ರಾನ್ನದ ಡಬ್ಬಿ ಬಾಗಿಲಲ್ಲೇ ಉಳಿಯಿತು. ಮಗಳನ್ನು ಅಳತೆಗೋಲಿನ ಪಕ್ಕ ನಿಲ್ಲಿಸಿದರು. ಎರಡು ಬೆರಳಿನಷ್ಟು ಹೆಚ್ಚಿಗೆ ಇದ್ದುದರಿಂದ ಪಾಸಾದಳು. ಆಮೇಲೆ ಸಾಲು. ಕಂಬಿಗಳ ನಡುವೆ ಸುತ್ತಿ ಸುತ್ತಿ ಎರಡು ಗಂಟೆ ನಡೆದೆವು. ಇನ್ನೇನು ನಮ್ಮ ಸರದಿ ಎನ್ನುವಾಗ, ಏರುತ್ತಿದ್ದ ಬಂಡಿ ನಡುದಾರಿಯಲ್ಲಿ ಗಕ್ಕನೆ ನಿಂತಿತು. ತಾಂತ್ರಿಕ ಅಡಚಣೆ ಎಂದು ಸಾರಿದರು. ಅದರಲ್ಲಿದ್ದವರನ್ನು ಪಕ್ಕದ ಮೆಟ್ಟಿಲುಗಳ ಮೇಲೆ ಒಬ್ಬೊಬ್ಬರನ್ನಾಗಿ ಕೈಹಿಡಿದು ಇಳಿಸಿದರು.

ಜನರು ಕೂಗಾಡಿದರು. ನಿಜ ಹೇಳುವುದಾದರೆ ನಾವೂ ಕೂಗಾಡಿದೆವು. ಮೊದಲು ಹಿಂದಿಯಲ್ಲಿ, ಅದು ಸಾಲದಾದಾಗ ಕನ್ನಡದಲ್ಲಿ. ಯಂತ್ರದ ಬಳಿಯಿದ್ದ ಹುಡುಗ ಬೆವರೊರೆಸಿಕೊಳ್ಳುತ್ತಾ ಒಂದೇ ಮಾತು ಹೇಳುತ್ತಿದ್ದ: "ಮೇಲಿನವರು ಬಂದು ನೋಡದೆ ಬಿಡುವಂತಿಲ್ಲ, ಸಾಹೇಬರೇ."

ಆಗ ನಮ್ಮ ಮನೆಯವರು ಮೆಲ್ಲನೆ ಕೇಳಿದರು: "ಮೊನ್ನೆ ಆಫೀಸಿನಲ್ಲಿ ಕಂಪ್ಯೂಟರ್ ನಿಂತಾಗ ಜನ ನಿಮ್ಮ ಮೇಲೆ ಕೂಗಾಡಿದರೆಂದು ರಾತ್ರಿ ಊಟ ಬಿಟ್ಟವರು ನೀವೇ ಅಲ್ಲವೇ?"

ನಾವು ಬಾಯಿ ಮುಚ್ಚಿದೆವು. ಅಂದು ಬಂಡಿ ಹತ್ತದೆಯೇ ಮರಳಿದೆವು. ಆದರೆ ಹುಡುಗನ ಮಾತು ಮನಸ್ಸಿನಲ್ಲಿ ಉಳಿದು, ಈ ಯಂತ್ರದ ವಿಚಾರವನ್ನು ಓದಿ ನೋಡುವ ಕುತೂಹಲ ಹುಟ್ಟಿತು.

ಈ ವಿನೋದ ಹೊಸದೇನಲ್ಲ. ರಷ್ಯಾ ದೇಶದವರು ಮರದ ಅಟ್ಟದ ಮೇಲೆ ಮಂಜುಗಡ್ಡೆ ಹಾಸಿ ಜಾರುತ್ತಿದ್ದರು. 1884ರಲ್ಲಿ ಅಮೆರಿಕೆಯ ಕೋನಿ ಐಲೆಂಡಿನಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ 5 ಸೆಂಟು ಶುಲ್ಕವಿಟ್ಟು ಜಾರುಬಂಡಿ ನಡೆಸಿದ. ಅದರ ವೇಗ ಗಂಟೆಗೆ ಸುಮಾರು 6 ಮೈಲಿ, ನಮ್ಮ ಸೈಕಲ್ಲಿಗಿಂತ ಕಡಿಮೆ! ಆದರೂ ಜನ ಮುಗಿಬಿದ್ದರು.

ಸಾಮಾನ್ಯವಾಗಿ ಈ ಬಂಡಿಗೆ ಎಂಜಿನ್ನಿಲ್ಲ. ಸರಪಳಿ ಅದನ್ನು ಎತ್ತರಕ್ಕೆ ಎಳೆದು ಬಿಡುತ್ತದೆ. ಮುಂದಿನದೆಲ್ಲ ಭೂಮಿಯ ಆಕರ್ಷಣೆಯ ಕೆಲಸ. ಏರುವಾಗ ಕೇಳುವ ಕಟಕಟ ಶಬ್ದ, ಬಂಡಿ ಹಿಂದಕ್ಕೆ ಜಾರದಂತೆ ತಡೆಯುವ ಹಲ್ಲುಗಳದು. ಒಂದಕ್ಕಿಂತ ಹೆಚ್ಚು ಬಂಡಿಗಳು ಓಡುವಲ್ಲಿ ಹಳಿಯನ್ನು ಭಾಗಗಳಾಗಿ ವಿಂಗಡಿಸಿರುತ್ತಾರೆ. ಒಂದು ಭಾಗದಲ್ಲಿ ಒಂದೇ ಬಂಡಿ ಇರಬೇಕು. ಮುಂದಿನ ಭಾಗ ತೆರವಾಗಿದೆಯೆಂದು ಯಂತ್ರಕ್ಕೆ ಖಾತ್ರಿಯಾಗದಿದ್ದರೆ ಹಿಂದಿನ ಬಂಡಿ ಮುಂದೆ ಹೋಗಕೂಡದು. ರೈಲ್ವೆಯವರ ಹಳೆಯ ನಿಯಮವೇ ಇದು. ಹೊಸ ಯಂತ್ರದಲ್ಲಿ ಸೂಚಕವೊಂದು ತಪ್ಪಿ ನುಡಿದರೂ ಸಾಕು, ಎಲ್ಲವೂ ನಿಲ್ಲುತ್ತದೆ. ಅಂದರೆ, ಬಂಡಿ ನಿಂತಾಗಲೆಲ್ಲ ಅದು ಕೆಟ್ಟಿತೆಂದು ಅರ್ಥವಲ್ಲ. ಅನೇಕ ವೇಳೆ ಕಾವಲು ಎಚ್ಚರವಾಗಿದೆಯೆಂದು ಅರ್ಥ.

ಸಾಲು ಬೆಳೆಯುವ ಲೆಕ್ಕವೂ ಸರಳ. 24 ಜನರ ಬಂಡಿ 90 ಸೆಕೆಂಡಿಗೊಂದರಂತೆ ಹೊರಟರೆ ಗಂಟೆಗೆ 960 ಜನ. ಅಡಚಣೆಯಿಂದ ಒಂದೇ ಬಂಡಿ ಉಳಿದು 4 ನಿಮಿಷಕ್ಕೊಮ್ಮೆ ಹೊರಟರೆ 360 ಜನ. ಮುಂದೆ ಸಾವಿರ ಜನ ನಿಂತಿದ್ದರೆ ಒಂದು ಗಂಟೆಯ ಕಾಯುವಿಕೆ ಸುಮಾರು ಎರಡೂ ಮುಕ್ಕಾಲು ಗಂಟೆಯಾಗುತ್ತದೆ.

ಕಾವಲಿನ ಮಾತನ್ನು ಮೀರಿದರೆ ಏನಾದೀತು? ಇಂಗ್ಲೆಂಡಿನ ಆಲ್ಟನ್ ಟವರ್ಸ್ ಉದ್ಯಾನದಲ್ಲಿ 2013ರಲ್ಲಿ 'ಸ್ಮೈಲರ್' ಎಂಬ ರೋಲರ್ ಕೋಸ್ಟರ್ ತೆರೆಯಿತು. 14 ಸಲ ಜನರನ್ನು ತಲೆಕೆಳಗು ಮಾಡುವ ವಿಶ್ವದಾಖಲೆ ಅದರದು. ಮೊದಲಿನಿಂದಲೂ ಅಡಚಣೆಗಳು ತಪ್ಪಲಿಲ್ಲ. 2015ರ ಜೂನ್ 2ರಂದು ಪರೀಕ್ಷೆಗೆಂದು ಬಿಟ್ಟ ಖಾಲಿ ಬಂಡಿಯೊಂದು ಹಳಿಯ ಮೇಲೆ ಸಿಕ್ಕಿಕೊಂಡಿತು. ಯಂತ್ರ ತನ್ನ ಧರ್ಮದಂತೆ ಹಿಂದಿನ ಬಂಡಿಯನ್ನು ತಡೆಯಿತು. ಕೆಲಸಗಾರರು ಇದು ಸುಳ್ಳು ಎಚ್ಚರಿಕೆಯೆಂದು ಭಾವಿಸಿ, ತಡೆಯನ್ನು ಕೈಯಿಂದ ತೆಗೆದು, 16 ಜನರಿದ್ದ ಬಂಡಿಯನ್ನು ಬಿಟ್ಟರು. ಅದು ಖಾಲಿ ಬಂಡಿಗೆ ಅಪ್ಪಳಿಸಿತು. ಇಬ್ಬರು ಯುವತಿಯರು ಒಂದೊಂದು ಕಾಲನ್ನು ಕಳೆದುಕೊಂಡರು. 2016ರಲ್ಲಿ ನ್ಯಾಯಾಲಯವು ಕಂಪನಿಗೆ 50 ಲಕ್ಷ ಪೌಂಡು ದಂಡ ವಿಧಿಸಿತು. ಕೆಲಸಗಾರರಿಗೆ ಸರಿಯಾದ ಪದ್ಧತಿಯನ್ನು ಹಾಕಿಕೊಡದ ಹೊಣೆ ಕಂಪನಿಯದೆಂದಾಯಿತು.

ಇದನ್ನು ಓದಿದಂದು ನಮಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ನಮ್ಮ ಕೂಗಿಗೆ ಹೆದರಿ ಆ ಹುಡುಗ ಗುಂಡಿ ಒತ್ತಿದ್ದರೆ, ಮುಂದಿನ ಬಂಡಿಯಲ್ಲಿ ಕೂರುವವಳು ನಮ್ಮ ಮಗಳೇ ಆಗಿದ್ದಳು.

ಹೊಸ ಯಂತ್ರ ನೋಡಹೋಗುವವರು ಮೊದಲ ವಾರಗಳ ಭಾನುವಾರಗಳನ್ನು ಬಿಡುವುದು ಮೇಲು. ಹೋದರೆ, ಮಕ್ಕಳಿಗೆ ನೀರು, ತಲೆಗೆ ಟೋಪಿ ಇರಲಿ; ಎಲ್ಲಕ್ಕಿಂತ ಮಿಗಿಲಾಗಿ ತಾಳ್ಮೆ ಇರಲಿ.

ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಹೋದೆವು. ಅಂದೂ ಬಂಡಿ ಹತ್ತು ನಿಮಿಷ ನಿಂತಿತು. ಹಿಂದಿನವರು ಗೊಣಗತೊಡಗಿದಾಗ ನಮ್ಮ ಮಗಳು ತಿರುಗಿ ಗಂಭೀರವಾಗಿ ಹೇಳಿದಳು: "ಸುಮ್ಮನಿರಿ ಅಂಕಲ್, ಅವರು ನೋಡುತ್ತಿದ್ದಾರೆ." ಮನೆಯವರು ನಮ್ಮ ಮುಖ ನೋಡಿ ನಕ್ಕರು. ನಾವು ನೆಲ ನೋಡಿದೆವು.